ಎಳಿಯೋ ನರ

ಮಾಳವ್ವನ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ತೋರುಬೆರಳು ಮತ್ತು ನಡುಬೆರಳು. ಉಳಿದ ಮೂರು ಸರಿಯಾಗಿಯೇ ಇದ್ದವು. ಆದರೆ ಚಾಕು ಹಿಡಿದು ಬದುಕುವವರಿಗೆ ಉಳಿದ ಮೂರು ಇದ್ದರೇನು, ಬಿಟ್ಟರೇನು.

ಬೆಟಗೇರಿಯ ಮಟನ್ ಮಾರ್ಕೆಟ್ಟಿನಲ್ಲಿ ಅವಳದು ತಲೆ-ಕಾಲಿನ ಕಟ್ಟೆ. ಅಂಗಡಿಯವರು ಕಡಿದು ಬದಿಗಿಟ್ಟ ಕುರಿಯ ಕಾಲುಗಳನ್ನು ತಂದು, ರೋಮ ಸುಟ್ಟು, ಹೆರೆದು, ತೊಳೆದು, ತುಂಡು ಮಾಡಿ ಮಾರುವುದು ಕಸುಬು. ಸುಡುವುದು ಗಂಡ ಬರಮಪ್ಪನ ಪಾಲು, ಕೊಯ್ಯುವುದು ಅವಳ ಪಾಲು. ಬೇರೆ ಕಟ್ಟೆಗಳಲ್ಲಿ ಕಾಲನ್ನು ಮಚ್ಚಿನಿಂದ ಹೊಡೆಯುತ್ತಾರೆ. ಎಲುಬು ಸಿಡಿದು, ಚೂರು ಸೂಪಿನ ತಳದಲ್ಲಿ ಕೂಡುತ್ತದೆ. ಮಾಳವ್ವ ಹೊಡೆಯುತ್ತಿರಲಿಲ್ಲ. ಕೀಲಿನ ಸಂದಿಗೆ ಚಾಕುವಿನ ಮೊನೆ ಇಟ್ಟು ಒಮ್ಮೆ ತಿರುವುತ್ತಿದ್ದಳು. ಬೀಗ ತೆರೆದಂತೆ ಕಾಲು ಬಿಚ್ಚಿಕೊಳ್ಳುತ್ತಿತ್ತು. ಬಾಣಂತಿ ಇರುವ ಮನೆಯವರು, ಹಲ್ಲು ಹೋದ ಮುದುಕರಿರುವ ಮನೆಯವರು ಸರದಿ ದೊಡ್ಡದಿದ್ದರೂ ಅವಳ ಕಟ್ಟೆಯಲ್ಲೇ ನಿಲ್ಲುತ್ತಿದ್ದರು.

ಹಾಗೆ ತಿರುವುವಾಗಲೇ ಒಂದು ದಿನ ಚಾಕು ಜಾರಿ ಅಂಗೈಗೆ ಹೊಕ್ಕಿತು. ರಕ್ತ ಅರ್ಧ ತಾಸಿನಲ್ಲಿ ನಿಂತಿತು. ಹೊಲಿಗೆ ಹತ್ತು ದಿನದಲ್ಲಿ ಮಾಯಿತು. ಬೆರಳೆರಡು ಮಾತ್ರ ನೆಟ್ಟಗೆ ನಿಂತುಬಿಟ್ಟವು.

“ಎರಡ ಬಟ್ಟ ಎತ್ಕೊಂಡ ತಿರಗ್ಯಾಡ್ತಿ. ಇಕಿ ಇಲೆಕ್ಷನ್ನಿಗೆ ನಿಂತಾಳ ಅಂತ ತಿಳಕೊಂಡಾರ ಮಂದಿ,” ಎಂದ ಬರಮಪ್ಪ.

“ನಿಂತ್ರ ನಿಮ್ ಓಟಂತೂ ಬೀಳೂದಿಲ್ಲ ಬಿಡ್ರಿ. ಮೊದಲ ಆ ಕಾಲ ನೆಟ್ಟಗ ಕಡೀರಿ.”

ಅವನಿಗೆ ನೆಟ್ಟಗೆ ಕಡಿಯಲು ಬರುತ್ತಿರಲಿಲ್ಲ. ಮೂರನೇ ದಿನಕ್ಕೆ ಒಬ್ಬ ಹೆಂಗಸು ಚೀಟಿಯಲ್ಲಿ ಸುತ್ತಿದ ಎಲುಬಿನ ಚೂರು ತಂದು ಕಟ್ಟೆಯ ಮೇಲಿಟ್ಟಳು. “ನಮ್ಮತ್ತಿಗೆ ಇದ್ದದ್ದ ನಾಕ ಹಲ್ಲು. ಈಗ ಮೂರು,” ಎಂದು ಹೇಳಿ ಎದುರಿನ ಕಟ್ಟೆಗೆ ಹೋದಳು. ವಾರ ತುಂಬುವಷ್ಟರಲ್ಲಿ ಸರದಿಯೇ ಇಲ್ಲವಾಯಿತು. ಮಾಳವ್ವನ ಕಟ್ಟೆ ಉಳಿಯಬೇಕಾದರೆ ಆ ಎರಡು ಬೆರಳು ಮಡಚಬೇಕಿತ್ತು. ಬೇರೆ ದಾರಿ ಇರಲಿಲ್ಲ.

*

ತಂತು ಪುನರ್ನಿರ್ಮಾಣ ಕೇಂದ್ರ ಊರ ಹೊರಗಿತ್ತು. ಅಷ್ಟುದ್ದದ ಹೆಸರು ಯಾರ ಬಾಯಿಗೂ ಹಿಡಿಸದೆ ಜನ ಅದನ್ನು ಹುರಿಮನಿ ಎಂದು ಕರೆಯುತ್ತಿದ್ದರು. ದೇಹದೊಳಗೆ ಹರಿದ ಹಗ್ಗದಂಥದ್ದೇನಿದ್ದರೂ ಅಲ್ಲಿ ಮತ್ತೆ ಬೆಳೆಸುತ್ತಿದ್ದರು. ತೆರೆದು ಐದು ತಿಂಗಳಾಗಿತ್ತು.

ಬೆಳೆಸುವ ವಿಧಾನ ಕೇಳಲು ಸರಳ. ಗಂಜಿಯಷ್ಟು ಮಂದವಾದ ಒಂದು ಪಾಕ. ಅದರ ತುಂಬ ಇನ್ನೂ ಏನಾಗಬೇಕೆಂದು ನಿರ್ಧರಿಸದ ಜೀವಕೋಶಗಳು. ಹರಿದ ಹುರಿ ಇದ್ದ ಒರೆಯೊಳಗೆ ಆ ಪಾಕವನ್ನು ಸೂಜಿಯಿಂದ ತುಂಬುತ್ತಾರೆ. ಆಮೇಲೆ ದಿನಕ್ಕೆ ಎರಡು ತಾಸು, ಇಪ್ಪತ್ತೊಂದು ದಿನ, ಕೈಯನ್ನು ಒಂದು ಚೀಲದಂಥ ಯಂತ್ರದಲ್ಲಿ ಇಡಬೇಕು. ಯಂತ್ರ ಮೆಲ್ಲಗೆ ಎಳೆಯುತ್ತಾ ಹೋದರೆ ಕೋಶಗಳು ಎಳೆತದ ಕಡೆಗೆ ಸಾಲಾಗಿ ಮಲಗಿ ಗಟ್ಟಿ ಹಗ್ಗವಾಗುತ್ತವೆ. ಎಳೆಯದೆ ಸಣ್ಣ ಸಣ್ಣ ವಿದ್ಯುತ್ತಿನ ತಟ್ಟು ಕೊಟ್ಟರೆ ಸುದ್ದಿ ಒಯ್ಯುವ ತಂತುವಾಗುತ್ತವೆ. ಒಂದೇ ಪಾಕ. ಹೇಗೆ ಸಾಕುತ್ತೀರೋ ಹಾಗೆ ಬೆಳೆಯುತ್ತದೆ. ಹೇಗೆ ಸಾಕಬೇಕೆಂಬುದನ್ನು ಯಂತ್ರಕ್ಕೆ ಹೇಳುವವಳು ಮುಂದಿನ ಮೇಜಿನ ಗಾಯತ್ರಿ ಬಡಿಗೇರ.

“ಏನಾಗೇತ್ರಿ ಅವ್ವಾರ?”

“ನರ ಕಡದೈತಿ ತಂಗಿ. ಚಾಕು ಹತ್ತಿ.”

ಪರದೆಯ ಮೇಲೆ ನಾಲ್ಕು ಚೌಕಗಳಿದ್ದವು. ನರ. ಸ್ನಾಯುರಜ್ಜು. ಅಸ್ಥಿರಜ್ಜು. ಧ್ವನಿತಂತು. ಗಾಯತ್ರಿ ಮೊದಲನೆಯದನ್ನು ಒತ್ತಿದಳು. ಪರದೆ ಹಸಿರಾಯಿತು.

ಡಾಕ್ಟರು ನಿರಂಜನಮೂರ್ತಿ ಮೈಸೂರಿನವರು. ಮೂರು ಜಿಲ್ಲೆಗೆ ಅವರೊಬ್ಬರೇ. ವಾರಕ್ಕೊಮ್ಮೆ ಬಂದು ಪಾಕ ತುಂಬಿ ಹೋಗುತ್ತಿದ್ದರು, ಉಳಿದದ್ದೆಲ್ಲ ಯಂತ್ರದ ಕೆಲಸ.

ಚೀಲದಲ್ಲಿ ಕೈಯಿಟ್ಟು ಕೂತವರು ಸಾಲಾಗಿ ಏಳೆಂಟು ಜನ ಇರುತ್ತಿದ್ದರು. ಬೇಸರ ಕಳೆಯಲು ಒಬ್ಬರ ಕೈಯ ಸುದ್ದಿಯನ್ನು ಇನ್ನೊಬ್ಬರು ಕೇಳುತ್ತಿದ್ದರು. ಎಲ್ಲರಿಗೂ ಒಳಗೆ ಇರುವೆ ಹರಿದಂತಾಗುತ್ತಿತ್ತು. ಹೈಸ್ಕೂಲಿನ ವಿಜ್ಞಾನದ ಮಾಸ್ತರ ಕಟ್ಟೀಮನಿ ಒಬ್ಬರು ಮಾತ್ರ, “ನನಗ ಇರುವಿ ಇಲ್ಲಪಾ. ಯಾರೋ ಬಟ್ಟ ಹಿಡದ ಜಗ್ಗಿದಂಗ ಆಗ್ತೈತಿ,” ಎನ್ನುತ್ತಿದ್ದರು.

“ಮಾಸ್ತರಗ ಎಲ್ಲಾದ್ರಾಗೂ ಬ್ಯಾರೇನ,” ಎಂದು ಪಕ್ಕದ ನೇಕಾರ ನಗುತ್ತಿದ್ದ.

*

ಇಪ್ಪತ್ತೊಂದನೇ ದಿನ ಚೀಲ ಬಿಚ್ಚಿದರು. ಮಾಳವ್ವನ ಬೆರಳು ಮಡಚಲಿಲ್ಲ.

ಡಾಕ್ಟರು ಒಳಗಿನ ಚಿತ್ರ ನೋಡಿದರು. ಅಂಗೈಯಿಂದ ಬೆರಳ ತುದಿಯವರೆಗೆ ಬಿಳಿಯ ಹುರಿ ಎರಡು, ನೆಟ್ಟಗೆ, ಎಲ್ಲೂ ಕಡಿಯದೆ. “ಹುರಿ ಚೆನ್ನಾಗಿ ಬೆಳೆದಿದೆಯಲ್ಲಮ್ಮ. ನೀವು ವ್ಯಾಯಾಮ ಮಾಡ್ತಿಲ್ಲ, ಅಷ್ಟೇ,” ಎಂದು ಒಂದು ಮೆತ್ತನೆಯ ಚೆಂಡು ಕೊಟ್ಟು ಕಳಿಸಿದರು. ಎರಡನೆಯ ಸಲ ಪಾಕ ತುಂಬುವುದಿದ್ದರೆ ಇವತ್ತಿನಿಂದ ನಲವತ್ತು ದಿನದೊಳಗೆ ತುಂಬಬೇಕು, ಆಮೇಲೆ ಒರೆ ಮುಚ್ಚಿಕೊಳ್ಳುತ್ತದೆ ಎಂದೂ ಹೇಳಿದರು. ನೇಕಾರನಿಗೂ ಚೆಂಡು ಸಿಕ್ಕಿತು. ಮಾಸ್ತರರ ಬೆರಳು ಮಾತ್ರ ಮಡಚಿತು. ಅವರು ಹೋಗುವಾಗ ಎಲ್ಲರಿಗೂ ಕೇಳುವಂತೆ ನೆಟಿಗೆ ಮುರಿದರು.

ಮರುದಿನ ಕಟ್ಟೆಯಲ್ಲಿ ಮಾಳವ್ವ ಸುಮ್ಮನೆ ಕೂತಿದ್ದಳು. ಬರಮಪ್ಪ ಒಂದು ಕಾಲನ್ನು ಹಲಗೆಯ ಮೇಲಿಟ್ಟು ಮಚ್ಚು ಎತ್ತಿದ. ಅದು ಜಾರದಿರಲೆಂದು ಅವಳು ತನ್ನ ಸೆಟೆದ ಬೆರಳನ್ನು ಅದರ ಮೇಲೆ ಒತ್ತಿದಳು. ಒತ್ತಿದವಳು ಬೆರಳು ತೆಗೆಯಲಿಲ್ಲ.

ಏನೋ ತಿಳಿಯಿತು. ತಿಳಿದದ್ದು ಬೆರಳ ತುದಿಯಲ್ಲಲ್ಲ, ಮೊಣಕೈಯ ಕೆಳಗೆ. ಬಾವಿಗೆ ಬಿಟ್ಟ ಹಗ್ಗದ ತುದಿ ನೀರು ಮುಟ್ಟಿದ್ದು ಮೇಲಿನ ಕೈಗೆ ಗೊತ್ತಾಗುತ್ತದಲ್ಲ, ಹಾಗೆ. ಚರ್ಮದ ಕೆಳಗೆ ಎಲುಬು ಎಲ್ಲಿದೆ, ಕೀಲಿನ ಸಂದಿ ಎಲ್ಲಿ ಬಾಯಿ ಬಿಟ್ಟಿದೆ, ಯಾವ ಬದಿ ಬಿಗಿ, ಯಾವ ಬದಿ ಸಡಿಲ, ಎಲ್ಲವೂ. ಬೆರಳನ್ನು ಮೇಲಕ್ಕೆ ಸರಿಸಿದಳು. ಒಂದು ಕಡೆ ಹಗ್ಗಕ್ಕೆ ಗಂಟು ತಾಗಿದಂತಾಯಿತು.

“ಈ ಕುರಿ ಮರಿ ಇದ್ದಾಗ ಕಾಲ ಮುರಕೊಂಡಿತ್ತು ನೋಡ್ರಿ.”

“ನೀ ಏನ ಇದರ ಹೆರಿಗಿ ಮಾಡ್ಸಿದ್ದೇನ?”

“ಸೀಳ್ರಿ.”

ಸೀಳಿದ. ಎಲುಬಿನ ನಡುವೆ, ಹಳೆಯ ಮುರಿತ ಕೂಡಿಕೊಂಡಲ್ಲಿ, ಕಡಲೆಯಷ್ಟು ದಪ್ಪದ ಗಂಟು. ಬರಮಪ್ಪ ಗಂಟನ್ನು ನೋಡಿದ, ಹೆಂಡತಿಯ ಬೆರಳನ್ನು ನೋಡಿದ, ಇನ್ನೊಂದು ಕಾಲು ತೆಗೆದು ಮುಂದಿಟ್ಟ. ಆ ದಿನ ಅವರು ಮಾರಿದ್ದಕ್ಕಿಂತ ಮುಟ್ಟಿ ನೋಡಿದ್ದೇ ಹೆಚ್ಚು. ನಿನ್ನೆಯ ಕಾಲು ಯಾವುದು, ಇವತ್ತಿನದು ಯಾವುದು. ಗುಡ್ಡ ಹತ್ತಿದ ಕುರಿ ಯಾವುದು, ಕಟ್ಟಿ ಹಾಕಿ ಮೇಯಿಸಿದ್ದು ಯಾವುದು. ಪ್ರತಿಯೊಂದಕ್ಕೂ ಎಳೆತವೇ ಬೇರೆ.

ಕೆಲಸಕ್ಕೂ ಅದು ಬಂತು. ಮಾಳವ್ವ ಬೆರಳಿಟ್ಟು ಸಂದಿ ತೋರಿಸುವಳು, ಬರಮಪ್ಪ ಮಚ್ಚು ಬಿಟ್ಟು ಚಾಕು ಹಿಡಿದು ಅಲ್ಲೇ ತಿರುವುವನು. ಐದು ದಿನದಲ್ಲಿ ಹಳೆಯ ಗಿರಾಕಿಗಳಲ್ಲಿ ಅರ್ಧ ಜನ ತಿರುಗಿ ಬಂದರು. ಹಲ್ಲಿನ ಅತ್ತೆಯ ಸೊಸೆಯೂ ಬಂದಳು.

*

ಆರನೆಯ ದಿನ, ಬರಮಪ್ಪನ ಕೈಯನ್ನು ಸರಿಯಾದ ಜಾಗಕ್ಕೆ ತರಲು, ಮಾಳವ್ವ ಅವನ ಮಣಿಕಟ್ಟಿನ ಮೇಲೆ ಬೆರಳಿಟ್ಟಳು.

“ತಡೀರಿ, ಎಡಕ್ಕ ಹೊಂಟೀರಿ.”

“ನಾ ಇನ್ನೂ ಕೈನ ಅಲಗ್ಯಾಡ್ಸಿಲ್ಲ.”

“ಹೊಂಟಿದ್ರಿ.”

ಅವನು ಚಾಕು ಕೆಳಗಿಟ್ಟ. ಹೌದು, ಎಡಕ್ಕೇ ಹೋಗಬೇಕೆಂದು ಮಾಡಿದ್ದ.

ಕೈ ಅಲುಗುವುದಕ್ಕೆ ಮೊದಲು ಒಳಗಿನ ಹುರಿ ಬಿಗಿಯುತ್ತದೆ. ಎಲ್ಲರಿಗೂ ಬಿಗಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಮಾಳವ್ವನಿಗೆ ತಿಳಿಯತೊಡಗಿತು. ಅವಳಿಗೆ ಮೊದಮೊದಲು ಅದು ತಮಾಷೆಯಾಗಿತ್ತು. ಊಟಕ್ಕೆ ಕೂತಾಗ ಅವನ ಕೈ ಮುಟ್ಟಿ, “ಬಾಯಿ ಸಾಕಂತೈತಿ, ಕೈ ಇನ್ನೊಂದು ರೊಟ್ಟಿ ಬೇಡಾಕತ್ತೈತಿ. ಯಾರ ಮಾತ ಕೇಳ್ಲಿ?” ಎಂದು ರೊಟ್ಟಿ ಹಾಕುವಳು. ಅವನೂ ನಗುವನು.

ಒಂದು ಮಧ್ಯಾಹ್ನ ಕಟ್ಟೆ ತೊಳೆದು ಮನೆಗೆ ಬಂದು ಬಾಗಿಲ ಮುಂದೆ ಕೂತಿದ್ದರು. ಬರಮಪ್ಪ ಅವಳ ಹೆಗಲ ಮೇಲೆ ಕೈ ಹಾಕಿದ್ದ. ಮಾಳವ್ವ ಮಾತಾಡುತ್ತಾ ಆ ಕೈಯ ಮೇಲೆ ತನ್ನ ಬೆರಳಿಟ್ಟು, “ಕೈ ತಗೀಬೇಕಂತ ಮಾಡೀರಿ. ಆಗಲೇ ಎರಡ ಸಲ ಮಾಡಿ ಬಿಟ್ರಿ,” ಎಂದಳು.

ಬರಮಪ್ಪ ಕೈ ತೆಗೆದ.

“ಜೋಮ ಹಿಡದಿತ್ತು,” ಎಂದ.

“ನಾ ಏನಂದೆ ಈಗ?”

“ಏನೂ ಅಂದಿಲ್ಲ. ನನ್ನ ಕೈ ನನಗಿಂತ ಮೊದಲ ನಿನಗ ಗೊತ್ತಾದ್ರ, ಅದರಾಗ ನಂದ ಅಂತ ಏನ ಉಳೀತು?”

ಅಂದಿನಿಂದ ಅವನು ತಟ್ಟೆಯನ್ನು ಒಂದು ಮೊಳ ದೂರ ಇಟ್ಟುಕೊಂಡು ಉಣ್ಣತೊಡಗಿದ. ಕಟ್ಟೆಯಲ್ಲಿ ಅವಳು ಸಂದಿ ತೋರಿಸಲು ಬೆರಳು ತಂದರೆ ಕೈಯನ್ನು ಹಿಂದಕ್ಕೆಳೆದು, ಅವಳು ತೆಗೆದ ಮೇಲೆ ಅಂದಾಜಿನಿಂದ ಕೊಯ್ಯುತ್ತಿದ್ದ. ಎಲುಬಿನ ಚೂರು ಮತ್ತೆ ಸಿಡಿಯಿತು.

*

ಚೆಂಡು ಹಿಚುಕಿ ಪ್ರಯೋಜನವಿಲ್ಲವೆಂದು ಹೇಳಲು ಮಾಳವ್ವ ಹುರಿಮನೆಗೆ ಹೋದ ದಿನ ಮಾಸ್ತರರೂ ತಪಾಸಣೆಗೆ ಬಂದಿದ್ದರು. “ನೋಡ್ರಿ ಮಾಳವ್ವಾರ,” ಎಂದು ಮುಷ್ಟಿ ಕಟ್ಟಿ ತೋರಿಸಿದರು. ಅವಳು ಅವರ ಮಣಿಕಟ್ಟಿನ ಮೇಲೆ ಬೆರಳಿಟ್ಟಳು. ಒಳಗೆ ಹುರಿ ಬಿಗಿದು, ಸರಿದು, ಸಡಿಲಾಯಿತು. ಬರಮಪ್ಪನದರಂತೆಯೇ.

ಪಕ್ಕದಲ್ಲಿ ಕೂತ ನೇಕಾರನ ಕೈ ಮುಟ್ಟಿದಳು. ಬೆರಳು ಮಡಚು ಎಂದಳು. ಮುಂಗೈಯವರೆಗೆ ಬಿಗಿಯಿತು. ಅಲ್ಲಿಂದ ಮುಂದಕ್ಕೆ ಎಳೆತವೇ ಇರಲಿಲ್ಲ, ಬರೀ ಜುಂ ಎನ್ನುವ ಸದ್ದಿಲ್ಲದ ಸದ್ದು. ಇನ್ನೂ ನಾಲ್ಕು ಜನರನ್ನು ಮುಟ್ಟಿದಳು. ನಾಲ್ವರಲ್ಲೂ ಜುಂ.

“ಮಾಸ್ತರ, ನೀವ ಮೊದಲನೇ ದಿನ ಆ ಹುಡುಗಿ ಮುಂದ ಏನಂದ್ರಿ?”

“ಏನಂದೆ? ಸ್ನಾಯುರಜ್ಜು ತುಂಡಾಗೈತಿ ಅಂದೆ.”

“ಹಂಗಂದ್ರ?”

“ಎಂಟನೇತ್ತೆ ಪುಸ್ತಕದಾಗ ಐತಲ್ರಿ.”

ಮಾಳವ್ವ ಎಂಟನೇತ್ತೆ ನೋಡಿದವಳಲ್ಲ. ಆದರೆ ಕಾಲು ನೋಡಿದ್ದಳು. ಮರುದಿನ ಒಂದು ಕುರಿಯ ಮುಂಗಾಲನ್ನು ಕೈಚೀಲದಲ್ಲಿಟ್ಟುಕೊಂಡು ಬಂದಳು. ಬಾಗಿಲಲ್ಲಿ ವಾಚಮನ್ ತಡೆದ. “ದವಾಖಾನಿಗೆ ಮಟನ್ ತರಬಾರದ್ರಿ.”

“ಇದಕ್ಕ ತೋರಸಾಕ ಬಂದೀನಪಾ. ಕಾಲ ಕಡದೈತಿ,” ಎಂದು ಒಳಗೆ ನಡೆದಳು.

ಅಂದು ಡಾಕ್ಟರು ಬರುವ ದಿನ. ಅವರ ಮೇಜಿನ ಮೇಲೆ ಪೇಪರು ಹಾಸಿ, ಕಾಲಿಟ್ಟು, ಗಾಯತ್ರಿಯನ್ನು ಹಿಡಿದುಕೊಳ್ಳಲು ಹೇಳಿ, ಎಡಗೈಯಿಂದಲೇ ಚರ್ಮ ಬಿಡಿಸಿದಳು. ಹಿಂಬದಿಯಿಂದ ಒಂದು ದಪ್ಪ ಬಿಳಿ ಹುರಿಯನ್ನು ಉಗುರಿನಿಂದ ಎತ್ತಿ ಜಗ್ಗಿದಳು. ಸತ್ತ ಕುರಿಯ ಗೊರಸು ಠಕ್ಕನೆ ಮಡಚಿತು. ಗಾಯತ್ರಿ ಬೆಚ್ಚಿ ಕೈ ಬಿಟ್ಟಳು.

“ಇದು ಎಳಿಯೋ ನರ. ನಂದು ಕಡದಿದ್ದು ಇದು.” ಅದರ ಬದಿಯಿಂದ ಇನ್ನೊಂದು, ಸೂಜಿದಾರದಷ್ಟು ದಪ್ಪದ, ಅದೇ ಬಿಳಿ. ಜಗ್ಗಿದಳು. ಗೊರಸು ಅಲುಗಲಿಲ್ಲ. “ಇದು ಚುರುಕಿನ ನರ. ಜೀಂವ ಇದ್ದಾಗ ಇದನ್ನ ಮುಟ್ಟಿದ್ರ ಒದೀತೈತಿ. ಸತ್ತ ಮ್ಯಾಲ ಬರೀ ದಾರ. ಇಕಾ, ಇದು ರಗತದ ನರ.”

“ಮೂರನ್ನೂ ನರ ಅಂತಲೇ ಅಂತೀರಾ?” ಎಂದರು ಡಾಕ್ಟರು.

“ನಾವ್ ಅಂತೇವ್ರಿ. ನಿಮ್ಮ ಡಬ್ಬಿ ಏನಂತೈತಿ?”

ಡಬ್ಬಿ ಎರಡನೆಯದನ್ನು ಮಾತ್ರ ನರ ಎನ್ನುತ್ತಿತ್ತು. ಗಾಯತ್ರಿ ಪರದೆಯ ಮುಂದೆ ಕೂತು ಐದು ತಿಂಗಳ ಹೆಸರುಗಳನ್ನು ತೆರೆದಳು. ಎಳೆಯುವ ಹುರಿ ಹರಿದು ಬಂದವರು ನಲವತ್ನಾಲ್ಕು ಜನ. ಅವರಲ್ಲಿ ನರ ಎಂಬ ಚೌಕಕ್ಕೆ ಹೋದವರು ನಲವತ್ಮೂರು. ಸ್ನಾಯುರಜ್ಜು ಎಂಬ ಚೌಕಕ್ಕೆ ಹೋದವರು ಒಬ್ಬರು, ವಿಜ್ಞಾನದ ಮಾಸ್ತರು.

“ಚೌಕದಾಗ ಈ ಪದ ಹಾಕಿದಾಕಿ ನಾನರೀ ಸರ್,” ಎಂದಳು. ಅವಳ ಕಿವಿ ಕೆಂಪಾಗಿದ್ದವು. “ನಮ್ಮಪ್ಪನೂ ನರ ಅಂತಾನ. ನಾನೂ ಮನ್ಯಾಗ ನರ ಅಂತೀನಿ. ಇಲ್ಲಿ ಕುಂತಾಗ ನೆಪ್ಪಾಗಲಿಲ್ಲ.”

ಡಾಕ್ಟರು ಕುರಿಯ ಕಾಲನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ತಾವೂ ಒಮ್ಮೆ ಹುರಿ ಜಗ್ಗಿ ನೋಡಿದರು.

*

ನಲವತ್ಮೂರು ಜನರಿಗೂ ಹೇಳಿ ಕಳಿಸಿದರು. ನಲವತ್ತು ದಿನ ದಾಟದವರು ಬೇಗ ಬಂದು ಮತ್ತೆ ಪಾಕ ತುಂಬಿಸಿಕೊಳ್ಳಬೇಕೆಂದರು, ದಾಟಿದವರ ಮುಂದೆ ತಪ್ಪು ಒಪ್ಪಿಕೊಂಡರು. ಮಾಳವ್ವನಿಗೆ ಮಾತ್ರ ಡಾಕ್ಟರು ಕುರ್ಚಿ ಹಾಕಿ ಕೂರಿಸಿದರು.

“ಬೇರೆಯವರಿಗೆ ಬರೀ ಇರುವೆ ಹರಿಯುತ್ತೆ. ನಿಮಗೆ ಅದು ಓದೋಕೆ ಬರುತ್ತೆ. ಸ್ನಾಯುವಿನ ಒಳಗೆ ಎಳೆತ ಅಳೆಯೋ ಸಣ್ಣ ಸುರುಳಿಗಳಿರುತ್ತವೆ. ಈ ಹುರಿ ಅವಕ್ಕೂ ನಿಮ್ಮ ಬೆರಳ ತುದಿಗೂ ಗಂಟು ಹಾಕಿಬಿಟ್ಟಿದೆ. ಇಷ್ಟು ವರ್ಷ ಕಾಲು ಬಿಡಿಸಿದ ಕೈ, ಅದಕ್ಕೇ ನಿಮಗೆ ಅರ್ಥ ಆಗ್ತಿದೆ. ಇಂಥದ್ದು ಇನ್ನೊಬ್ಬರಿಗೆ ಇರೋದು ನಾನು ಕೇಳಿಲ್ಲ.”

“ಎರಡೂ ಇಟ್ಟು ಬೆಳಸ್ರಿ ಹಂಗಾರ.”

“ಒರೆ ಒಂದೇ ಇರೋದು. ಒಂದು ಒರೆಗೆ ಎರಡು ಚಾಕು ಹಿಡಿಸೋದಿಲ್ಲ.”

ಅವಳಿಗೆ ಅದು ಚೆನ್ನಾಗಿ ತಿಳಿಯಿತು. ನಲವತ್ತಕ್ಕೆ ಇನ್ನು ಹತ್ತು ದಿನ ಉಳಿದಿದ್ದವು. ಅಷ್ಟು ದಿನವಾದರೂ ಬಂದು ಮುಟ್ಟಿ ಹೇಳಿ ಎಂದರು. ಒಂದೊಂದು ಎಳೆತವನ್ನೂ ಗಾಯತ್ರಿ ಪಟ್ಟಿಯಲ್ಲಿ ಬರೆದುಕೊಳ್ಳುತ್ತಾಳೆ.

ಮಾಳವ್ವನಿಗೂ ಮುಟ್ಟುವ ಹುಚ್ಚಿತ್ತು. ವಾಚಮನ್‌ನ ಮೊಣಕಾಲು ಮುಟ್ಟಿದಳು. ಏಳಬೇಕೆಂದು ಮಾಡಿ ಏಳದೆ ಕೂತವರ ಕಾಲಲ್ಲಿ ಒಂದು ನಮೂನೆಯ ಅರ್ಧ ಬಿಗಿತ ಇರುತ್ತದೆ, ಅದು ಹದಿನಾಲ್ಕನೆಯದು. ಹಾಡಲು ಬಾಯಿ ತೆರೆದ ಗಾಯತ್ರಿಯ ಗಂಟಲಲ್ಲಿ, ದನಿ ಹೊರಡುವ ಮೊದಲು ಆಗುವುದು ಹದಿನೇಳನೆಯದು. ಮಾರ್ಕೆಟ್ಟಿನಲ್ಲಿ ಕಟ್ಟಿದ್ದ ಒಂದು ಕುರಿಯ ಕುತ್ತಿಗೆಯ ಮೇಲೆ ಬೆರಳಿಟ್ಟಳು. ಅದು ತಲೆ ಎತ್ತಿ ನೋಡುವ ಮೊದಲು ಅಲ್ಲೊಂದು ದಪ್ಪ ಹುರಿ ಎದ್ದಿತು. ಇಪ್ಪತ್ತೆರಡನೆಯದು. ಅದನ್ನು ಹೇಳಿ, “ನಮ್ಮ ಕಸಬಿನವರಿಗೆ ಬ್ಯಾಡಾದ ಸುದ್ದಿ ಇದು,” ಎಂದಳು.

ಪ್ರತಿ ಸಲ ಗಾಯತ್ರಿ ಕೇಳುತ್ತಿದ್ದಳು, “ಇದಕ್ಕ ಏನಂತ ಬರೀಲ್ರಿ?”

ಬಿಗಿತ, ಸಡಿಲ, ಸೆಳೆತ, ನಡುಕ, ಜೋಮು, ಜುಂ, ಚುರುಕು, ಕುಟುಕು. ಎಂಟರ ಹೊತ್ತಿಗೆ ಮಾಳವ್ವನ ಮಾತು ಮುಗಿದವು. “ನಂಬರ ಹಾಕವಾ ಸುಮ್ನ,” ಎಂದಳು. ಮಾಸ್ತರರನ್ನೂ ಕೇಳಿ ನೋಡಿದರು. ಎಂಟನೇತ್ತೆ ಪುಸ್ತಕದಲ್ಲೂ ಇರಲಿಲ್ಲ.

ಹತ್ತನೆಯ ದಿನ, ಅವಳಿಗಾಗಿಯೇ ಬಂದ ಡಾಕ್ಟರು ಕೊನೆಯ ಸಲ ಕೇಳಿದರು. “ನಡುಬೆರಳು ಒಂದನ್ನಾದ್ರೂ ಹೀಗೇ ಬಿಡೋಣವಾ?”

“ನಡುಬಟ್ಟಿನ ಮ್ಯಾಲ ಚಾಕು ಕುಂದರ್ತೈತ್ರಿ ಸಾಹೇಬ್ರ. ತೋರಬಟ್ಟ ಅದಕ್ಕ ದಾರಿ ಹಚ್ಚತೈತಿ. ಒಂದು ಮಡಚಿ ಒಂದು ಮಡಚದಿದ್ರ ಇನ್ನೊಂದ ಸಲ ಕೊಯ್ಕೊಂಡ ನಿಮ್ಮ ಹಂತ್ಯಾಕ ಬರ್ತೀನಿ.”

“ನಿಮ್ಮ ಯಜಮಾನರು ಕೊಯ್ತಾರಲ್ಲ?”

“ಅವ್ರಿಗೆ ನನ್ನ ಬೆರಳ ಬ್ಯಾಡಾಗೈತಿ. ಅವ್ರಿಲ್ದ ಈ ಬೆರಳಿಗೆ ಕೈ ಇಲ್ಲ. ತಗೀರಿ ಎರಡೂ.”

ಗಾಯತ್ರಿ ಪರದೆ ತೆರೆದಳು. ಚೌಕಗಳ ಹೆಸರು ಬದಲಾಗಿದ್ದವು: ಎಳಿಯೋ ನರ, ಚುರುಕಿನ ನರ. ಡಾಕ್ಟರಿಗೆ ಆ ‘ಎಳಿಯೋ’ ಸ್ವಲ್ಪ ಕಿರಿಕಿರಿ ಮಾಡಿತು. ಅವಳು ಮೊದಲನೆಯದನ್ನು ಒತ್ತಿದಳು.

*

ಈ ಸಲ ಚೀಲದೊಳಗೆ ಇರುವೆ ಹರಿಯಲಿಲ್ಲ. ಯಾರೋ ಬೆರಳು ಹಿಡಿದು ಜಗ್ಗಿದಂತಾಯಿತು.

ಇಪ್ಪತ್ತೊಂದನೇ ದಿನ ತೋರುಬೆರಳು ಮಡಚಿತು. ಇಪ್ಪತ್ತನಾಲ್ಕಕ್ಕೆ ನಡುಬೆರಳೂ ಮಡಚಿತು. ಎರಡು ತಿಂಗಳ ಮೇಲೆ ಮಾಳವ್ವ ಕಟ್ಟೆಯಲ್ಲಿ ಕೂತು ಚಾಕು ಹಿಡಿದಳು. ಮೊದಲ ಕಾಲಿನ ಸಂದಿ ಸಿಗಲಿಲ್ಲ. ಮೊನೆ ಎಲುಬಿಗೆ ತಾಗಿ ಜಾರಿತು. ಎರಡನೆಯದೂ ಹಾಗೆಯೇ. ಅವಳು ಬೆರಳನ್ನು ಕಾಲಿನ ಮೇಲೆ ಒತ್ತಿ ಕಾದಳು. ಚರ್ಮ ತಣ್ಣಗಿತ್ತು, ಅಷ್ಟೇ. ಆಮೇಲೆ ಮೊದಲು ಮಾಡುತ್ತಿದ್ದಂತೆ ಕಣ್ಣಿನಿಂದ ಅಂದಾಜು ಹಿಡಿದು, ಮೊನೆಯಿಟ್ಟು ತಿರುವಿದಳು. ಮೂರನೆಯ ಕಾಲು ಬಿಚ್ಚಿಕೊಂಡಿತು. ಚೂರಿಲ್ಲದೆ.

ಮಧ್ಯಾಹ್ನ ಬಾಗಿಲ ಮುಂದೆ ಕೂತಾಗ ಬರಮಪ್ಪ ಅವಳ ಪಕ್ಕಕ್ಕೆ ಸರಿದು, ತಾನಾಗಿಯೇ ತನ್ನ ಮಣಿಕಟ್ಟನ್ನು ಅವಳ ಮುಂದೆ ಚಾಚಿದ. ಅವಳು ಎರಡೂ ಬೆರಳು ಇಟ್ಟಳು.

“ಏನಂತೈತಿ?”

“ಏನೂ ಅನ್ನವಲ್ತು. ಕೈ ಐತಿ.”

“ಈಗ ನಾ ಏನ ಮಾಡಬೇಕಂತ ಮಾಡೀನಿ ಹೇಳು ನೋಡೂಣು.”

“ನನಗೇನ ಗೊತ್ತು?”

ಅವನು ಇನ್ನೂ ಸ್ವಲ್ಪ ಹೊತ್ತು ಕೈಯನ್ನು ಅಲ್ಲೇ ಇಟ್ಟಿದ್ದ. ಏನು ಮಾಡಬೇಕೆಂದಿದ್ದನೋ ಹೇಳಲೂ ಇಲ್ಲ, ಮಾಡಲೂ ಇಲ್ಲ.

ಹುರಿಮನೆಯಲ್ಲಿ ಗಾಯತ್ರಿ ಆ ವಾರ ಮಾಳವ್ವನ ಕಡತ ಮುಚ್ಚಿದಳು. ಕೊನೆಯ ಹಾಳೆಯಲ್ಲಿ ಬರೆದದ್ದು ಇಷ್ಟು: ತೆಗೆದ ಹುರಿ ಎರಡು, ತಲಾ ಒಂಬತ್ತು ಸೆಂಟಿಮೀಟರು. ಪಟ್ಟಿ ಮಾಡಿದ ಎಳೆತಗಳು ಮೂವತ್ತೊಂದು. ಹೆಸರಿದ್ದವು ಎಂಟು. ಹೆಸರಿಲ್ಲದೆ ಹೋದವು ಇಪ್ಪತ್ತಮೂರು.